ಥರ್ಮಾಮೀಟರಿಗೂ ಒಂದು ಕ್ಷಮೆ

ಬೆಳಿಗ್ಗೆ ಮಗಳು ಮೈ ಬಿಸಿ ಎಂದಳು, ಗೆಳೆಯರೇ. ಹೆಂಡತಿ ಬೇಗಂ ಬಜಾರಿನಿಂದ ತಂದಿದ್ದ ಅಗ್ಗದ ಥರ್ಮಾಮೀಟರು ನೂರಾ ಒಂದು ಡಿಗ್ರಿ ತೋರಿಸಿತು. ನಾನು ಮಗಳ ಹಣೆ ಮುಟ್ಟಿ ನೋಡಿ, “ಇದು ಸುಳ್ಳು ಹೇಳಾಕತ್ತೈತಿ. ಜ್ವರಾ ಏನಿಲ್ಲ, ನಡಿ ಸಾಲಿಗೆ” ಎಂದೆ. ಕಾರ್ಖಾನೆಯ ಲ್ಯಾಬಿನಲ್ಲಿ ಅಳತೆಯ ಉಪಕರಣಗಳನ್ನು ಪರೀಕ್ಷಿಸಿ ಸಹಿ ಹಾಕುವುದೇ ನನ್ನ ಕೆಲಸ. ನನಗೇ ಕಲಿಸಲು ಬಂದರೆ?

ಅದರ ಸುಳ್ಳು ಹಿಡಿಯಲೆಂದೇ ಲ್ಯಾಬಿಗೆ ಒಯ್ದೆ. ಅದು ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಶಾಲೆಯಿಂದ ಫೋನ್ ಬಂತು: ಮಗಳು ಬೆಂಚಿನ ಮೇಲೇ ಮಲಗಿಬಿಟ್ಟಿದ್ದಾಳೆ. ಮೆಹದಿಪಟ್ಟಣಂನ ನಮ್ಮ ಮನೆಯವರೆಗೆ ಆಟೋದಲ್ಲಿ ಅವಳನ್ನು ತಬ್ಬಿಕೊಂಡು ಬಂದೆ. ಈಗ ಆ ಬಿಸಿ ನನ್ನ ಕೈಗೂ ತಿಳಿಯುತ್ತಿತ್ತು.

ಹೆಂಡತಿ ಬೈಯಲಿಲ್ಲ. “ಆಫೀಸಿನಾಗ ಪ್ರತಿ ಅಳತಿ ಮುಂದ ‘ಇಷ್ಟು ಹೆಚ್ಚುಕಡಿಮಿ ಇರಬಹುದು’ ಅಂತ ಬರದು ಸಹಿ ಮಾಡ್ತೀರಿ. ಮನಿಯಾಗ ನಿಮ್ಮ ಮಾತಿನ ಮುಂದ ಯಾಕ ಬರಿಯಂಗಿಲ್ರಿ?” ಎಂದಳು, ಅಷ್ಟೇ.

ನಾನು ಮಗಳ ಪಕ್ಕ ಕೂತು, “ನಂದ ತಪ್ಪಾತವ್ವಾ” ಎಂದೆ. ಅವಳು ಕಣ್ಣು ತೆರೆಯದೆಯೇ, “ಥರ್ಮಾಮೀಟರಿಗೂ ಹೇಳ್ರಿ ಅಪ್ಪಾ” ಎಂದಳು.

ಅದಕ್ಕೂ ಹೇಳಿದೆ. ಹೆಂಡತಿಗೆ ಮಾತ್ರ ಇನ್ನೂ ಹೇಳಿಲ್ಲ. ಇಲ್ಲಿ ಬರೆದರೆ ಓದಿಕೊಳ್ಳುತ್ತಾಳೆ ಎಂದುಕೊಂಡಿದ್ದೇನೆ.