ಕಿಂಡಿಗೆ ತುರುಕಿದ ಕೌದಿ

ನನಗೊಂದು ಚಟವಿದೆ. ಯಾರ ಮನೆಗೆ ಹೋದರೂ, ಚಪ್ಪಲಿ ಕಳಚಿ ಒಳಗೆ ಕಾಲಿಟ್ಟು, ಅವರು ಕುಡಿಯಲು ನೀರು ತರುವಷ್ಟರಲ್ಲಿ ನನ್ನ ಕೈ ಗೋಡೆಗೆ ಹೋಗಿರುತ್ತದೆ. ಅಂಗೈಯಲ್ಲ, ಕೈಯ ಹಿಂಬದಿ. ಜ್ವರ ಬಂದವರ ಹಣೆ ಮುಟ್ಟಿ ನೋಡುತ್ತೇವಲ್ಲ, ಹಾಗೆ. ಗೋಡೆ ಒಣಗಿದ್ದರೆ ನನಗೆ ನೆಮ್ಮದಿ. ತಣ್ಣಗೆ ಅಂಟಿದರೆ ಅವರು ಕೊಟ್ಟ ಚಹಾ ರುಚಿಸುವುದಿಲ್ಲ.

ಈ ಚಟ ನನ್ನದಲ್ಲ, ನಮ್ಮ ಅತ್ತೆಯದು. ಮೈದುನನಿಗೆ ಹೆಣ್ಣು ನೋಡಲು ಲಕ್ಷ್ಮೇಶ್ವರಕ್ಕೆ ಹೋದಾಗ ಅವರು ಪಡಸಾಲೆಯ ಆ ಕಡೆಯ ಗೋಡೆ ಮುಟ್ಟಿ ನೋಡುತ್ತಿದ್ದರು, ನಾನು ಈ ಕಡೆಯದನ್ನು. ಹುಡುಗಿಯ ಸೋದರತ್ತೆಗೆ ತಡೆಯಲಿಲ್ಲ.

"ಯಾಕ್ರೀ ಬೀಗ್ತಿ, ಹುಡುಗಿ ನಡಬರಕ ಕುಂತಾಳ. ಅತ್ತಿ ಸೊಸಿ ಕೂಡಿ ಗ್ವಾಡಿ ನೋಡಾಕ ಬಂದೀರೇನು?"

ಅತ್ತೆ ಕೈ ಹಿಂತೆಗೆಯಲಿಲ್ಲ. "ಹುಡುಗಿ ನಾಚಿಕೊಂಡು ತಲಿ ತಗ್ಗಿಸ್ಯಾಳ್ರಿ. ಗ್ವಾಡಿಗೆ ನಾಚಿಕಿಲ್ಲ, ಇದ್ದದ್ದು ಇದ್ದಂಗ ಹೇಳತೈತಿ" ಎಂದರು. ಎಲ್ಲರೂ ನಕ್ಕರು. ಸಂಬಂಧ ಕೂಡಿತು.

ಆ ಅತ್ತೆ ಈ ವರ್ಷ ಆಷಾಢದಲ್ಲಿ ತೀರಿಕೊಂಡರು. ಅವರ ಸೀರೆಗಳನ್ನು ಹಂಚಿದ್ದಾಯಿತು, ಎಲೆಯಡಿಕೆಯ ಡಬ್ಬಿಯನ್ನು ಮೈದುನನ ಹೆಂಡತಿ ಕೇಳಿ ಇಸಿದುಕೊಂಡಳು. ನನ್ನ ಪಾಲಿಗೆ ಈ ಚಟ ಉಳಿದಿದೆ.

ನಮ್ಮ ಮುಂಡರಗಿಯನ್ನು ದೂರದಿಂದ ಕಂಡವರು ಇದು ಬಿಸಿಲ ನಾಡು, ಇಲ್ಲಿ ಥಂಡಿಯ ಮಾತೆಲ್ಲಿಯದು ಅನ್ನುತ್ತಾರೆ. ಅವರು ಜಡಿ ಹಿಡಿದಾಗ ಬಂದಿಲ್ಲ. ಕಪ್ಪತಗುಡ್ಡದ ಮೇಲಿಂದ ಗಾಳಿ ಇಳಿಯತೊಡಗಿ, ಸೂರ್ಯ ವಾರಗಟ್ಟಲೆ ಮುಖ ತೋರಿಸದಿದ್ದಾಗ ನಮ್ಮ ಎರೆಮಣ್ಣು ನೀರು ಕುಡಿದು ಕುಡಿದು ಉಬ್ಬುತ್ತದೆ. ತಾನು ಕುಡಿದದ್ದು ಸಾಲದೆ ಗೋಡೆಗೂ ಕುಡಿಸುತ್ತದೆ. ಮಣ್ಣಿನ ಮನೆಯೆಂದರೆ ಎಮ್ಮೆ ಸಾಕಿದ ಹಾಗೆ. ದಿನಾ ಮೈ ನೋಡಬೇಕು. ಮಣ್ಣಿನ ಸೂರೇ ನಮ್ಮ ಮಾಳಿಗೆ, ಮಳೆಗಾಲಕ್ಕೆ ಮೊದಲು ಅದರ ಮೇಲೆ ನೀರಿಳಿಯದ ಸವುಳು ಮಣ್ಣು ಹರಡಿ ಬಡಿಯಬೇಕು, ಹುಲ್ಲು ಹುಟ್ಟಿದರೆ ಕೀಳಬೇಕು, ಗೋಡೆಗೆ ಸಗಣಿ ಸಾರಿಸಬೇಕು. ಮಾಳಿಗೆ ನೆನೆದಾಗ ಮೇಲೆ ಹತ್ತಬಾರದು, ಕಾಲಿಟ್ಟಲ್ಲೆಲ್ಲ ಸೋರುತ್ತದೆ. ಇದೆಲ್ಲದರಲ್ಲಿ ನಮ್ಮ ಅತ್ತೆಯನ್ನು ಮೀರಿಸಿದವರು ಓಣಿಯಲ್ಲಿ ಇರಲಿಲ್ಲ. ಅಂಥವರೂ ಒಮ್ಮೆ ತಪ್ಪಿದರು. ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ.

ನನ್ನ ತವರು ಹೊಳೆಯಾಚೆ. ಈಚೆಯ ಹಮ್ಮಿಗಿಯ ದಂಡೆಯಲ್ಲಿ ನಿಂತರೆ ನಮ್ಮೂರಿನ ಬೇವಿನ ಮರಗಳು ಕಾಣುತ್ತವೆ. ಆದರೂ ನಾನು ಮದುವೆಯಾಗಿ ಬಂದಾಗ ಆ ದಂಡೆ ಒಂದು ರಾಜ್ಯ, ಈ ದಂಡೆ ಇನ್ನೊಂದು. ಹರಿಗೋಲು ಮಾತ್ರ ಎರಡಕ್ಕೂ ಸೇರಿದ್ದು. ಅತ್ತೆಗೆ ಸಿಟ್ಟು ಬಂದಾಗಲೆಲ್ಲ ನಾನು 'ಪರರಾಜ್ಯದಾಕಿ'. ಸಾರಿಗೆ ಉಪ್ಪು ಹೆಚ್ಚಾದರೆ, "ಪರರಾಜ್ಯದಾಗ ಉಪ್ಪು ಸೋವಿ ಇರಬೇಕು" ಎನ್ನುವರು. ಮಾವ ರೊಟ್ಟಿ ಮುರಿಯುತ್ತ ಗೋಡೆಯ ಕಡೆ ತಿರುಗಿ ನಗುವರು.

ಕನ್ನಡದ ಸೀಮೆಗಳೆಲ್ಲ ಕೂಡಿ ಒಂದೇ ರಾಜ್ಯವಾಗುತ್ತದೆಂಬ ಸುದ್ದಿ ದಿನಾ ಬರುತ್ತಿದ್ದ ವರ್ಷ ಅದು. ನಾನು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಕರೆದೊಯ್ಯಲು ನಮ್ಮಪ್ಪ ಬರುವವನಿದ್ದ. ಅಷ್ಟರಲ್ಲಿ ಮೇಲೆಲ್ಲೋ ಮಳೆಯಾಗಿ ಹೊಳೆ ತುಂಬಿತು, ಹರಿಗೋಲು ನಿಂತಿತು. ಅಪ್ಪ ಆಚೆ ದಂಡೆಯಲ್ಲಿ, ನಾನು ಈಚೆ. ನಡುವೆ ಚಿತ್ತಾ ಮಳೆ ಹಿಡಿಯಿತು. ದಿನ ತುಂಬುವ ಮೊದಲೇ ನನಗೆ ನೋವು ಕಾಣಿಸಿಕೊಂಡಿತು.

ಹುಟ್ಟಿದ ಹೆಣ್ಣು ಕೂಸು ಅತ್ತೆಯ ಒಂದೇ ಅಂಗೈ ಮೇಲೆ ಮಲಗುವಷ್ಟಿತ್ತು. ಅತ್ತಿತೋ ಇಲ್ಲವೋ ಎಂಬಂತೆ ಅತ್ತಿತು. ಸೂಲಗಿತ್ತಿ ಅರಳೆಯಲ್ಲಿ ಸುತ್ತಿ ಕೊಡುತ್ತ ಅತ್ತೆಯ ಮುಖ ನೋಡದೆ ಹೇಳಿದಳು: "ಬೆಚ್ಚಗಿಡವಾ. ಹಸಿ ತಾಗಬಾರದು. ಹಸಿ ತಾಗಿತೋ, ನನ್ನ ಕರೀಬ್ಯಾಡ."

ತವರಿನವರು ಹೊರಬೇಕಾದ ಹೊಣೆ ಹೀಗೆ ಅತ್ತೆಯ ತಲೆಯ ಮೇಲೆ ಬಂತು. ಹೊಳೆ ಇಳಿದು ಬೀಗರು ಬಂದು ಕೂಸೆಲ್ಲಿ ಅಂದರೆ ಏನು ತೋರಿಸುವುದು? ಅವರು ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅಂದಿನಿಂದ ನನ್ನನ್ನು 'ಪರರಾಜ್ಯದಾಕಿ' ಎನ್ನುವುದನ್ನು ಬಿಟ್ಟರು. ನನಗೆ ಹೆದರಿಕೆಯಾದದ್ದು ಆಗ.

ಕೂಸಿಗೆ ಯಾವ ಕೋಣೆ? ಇಲ್ಲಿ ಮಾವನ ತಗಡಿನ ಮಾತು ಬರುತ್ತದೆ. ಅಂಗಳದ ಪಕ್ಕದ ಸಣ್ಣ ಕೋಣೆಯ ಮಾಳಿಗೆ ಹಿಂದಿನ ವರ್ಷ ಕುಸಿದಿತ್ತು. ಮಾವ ಬಹಳ ಓಡಾಡಿ ಗದಗಿನಿಂದ ತಗಡು ತಂದು ಹೊದಿಸಿದ್ದರು. ನಮ್ಮ ಓಣಿಗೆ ಅದೇ ಮೊದಲ ತಗಡು. ಬಂದವರನ್ನೆಲ್ಲ ಕರೆದೊಯ್ದು ಮಾವ ಅದನ್ನು ಕೋಲಿನಿಂದ ಬಡಿದು ಸಪ್ಪಳ ಕೇಳಿಸುತ್ತಿದ್ದರು. "ಇನ್ನ ಸವುಳು ಬ್ಯಾಡ, ಬಡಿಯೂದು ಬ್ಯಾಡ. ಸ್ವರಾಜ್ಯ ಬಂದೈತಿ" ಎನ್ನುವರು. "ಹೌದ್ರಿ, ಬ್ಯಾಸಿಗ್ಯಾಗ ಅದರ ಮ್ಯಾಲೆ ರೊಟ್ಟಿನೂ ಸುಡಬಹುದು" ಎಂದು ಅತ್ತೆ ಒಲೆಯ ಮುಂದಿನಿಂದಲೇ ಉತ್ತರ ಕೊಡುವರು. ಈಗ ಮನೆಯ ಮಾಳಿಗೆಯೆಲ್ಲ ಜಡಿಗೆ ನೆನೆದು ಅಲ್ಲಲ್ಲಿ ಜಿನುಗುತ್ತಿತ್ತು. ಸೋರುವುದಿಲ್ಲವೆಂದು ಗಟ್ಟಿಯಾಗಿ ಹೇಳಬಹುದಾದ ಜಾಗ ಆ ತಗಡಿನ ಕೋಣೆ ಒಂದೇ. ಅತ್ತೆ ತಮ್ಮ ಮಾತನ್ನು ನುಂಗಿಕೊಂಡು ನನ್ನ ಹೊರಸನ್ನು ಅಲ್ಲಿ ಹಾಕಿಸಿದರು.

ಆಮೇಲೆ ಕೋಣೆಯನ್ನು ಮುಚ್ಚಲು ಶುರುಮಾಡಿದರು. ಬಾಣಂತಿ ಕೋಣೆಗೆ ಗಾಳಿ ಬರಬಾರದೆಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಅತ್ತೆ ಮುಚ್ಚಿದ ಹಾಗೆ ಯಾರೂ ಮುಚ್ಚಿರಲಿಕ್ಕಿಲ್ಲ. ತಗಡಿಗೂ ಗೋಡೆಗೂ ನಡುವಿನ ಸಂದಿಗೆ ಸಗಣಿ ಮಣ್ಣು ಮೆತ್ತಿದರು. ಬಾಗಿಲಿಗೆ ಕಂಬಳಿ ಇಳಿಬಿಟ್ಟರು. ಗೋಡೆಯ ನೆತ್ತಿಯಲ್ಲಿದ್ದ ಕಿಂಡಿಗೆ ಹಳೆ ಸೀರೆಗಳಿಂದ ತಾವೇ ಹೊಲಿದ ಕೌದಿಯ ತುಂಡನ್ನು ಮಡಚಿ ತುರುಕಿದರು. ಹೊರಸಿನ ಕೆಳಗೆ ಕುಳ್ಳಿನ ಕೆಂಡ, ಮೂಲೆಯಲ್ಲಿ ಲೋಬಾನದ ಹೊಗೆ. ಅಂಗಳ ದಾಟಿ ಬಚ್ಚಲಿಗೆ ಹೋದರೆ ಗಾಳಿ ಹೊಡೆಯುತ್ತದೆಂದು ಜಳಕವೂ ಒಳಗೇ. ಹಂಡೆಗಟ್ಟಲೆ ಕುದಿಯುವ ನೀರು ತಂದು ಮೂಲೆಯ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಹುಯ್ಯುವರು. ಉಗಿಯಲ್ಲಿ ಅತ್ತೆ ನನಗೆ ಕಾಣುತ್ತಿರಲಿಲ್ಲ. ಬೈಗುಳ ಕೇಳಿಸುತ್ತಿತ್ತು, ಅದರಿಂದ ಇದ್ದಾರೆಂದು ತಿಳಿಯುತ್ತಿತ್ತು.

ಒಂದು ಬೆಳಗ್ಗೆ ಕೂಸಿನ ಕುಲಾಯಿಯ ಮೇಲೆ ಹನಿ ಬಿತ್ತು.

ಅತ್ತೆ ಚೀರಿದ ದನಿಗೆ ಮಾವ ಹಲ್ಲುಪುಡಿಯ ಬಾಯಲ್ಲೇ ಓಡಿ ಬಂದರು. ಮೇಲೆ ನೋಡಿದರೆ ತಗಡಿನ ಏಣುಗಳ ಉದ್ದಕ್ಕೂ ಹನಿಗಳ ಸಾಲು.

"ಸೋರೂದಿಲ್ಲ ಅಂದ್ರಿ! ಇದೇನು, ಪನ್ನೀರೇನು?"

"ಮೊಳಿ ಹೊಡದಲ್ಲಿ ಸಂದಿ ಬಿಟ್ಟಿರಬೇಕು. ತಡಿ, ಡಾಂಬರ ಹಚ್ಚತೇನಿ."

ಮಾವ ಡಾಂಬರು ಕಾಸಿ, ಮಳೆ ಹೊಳವಾದಾಗಲೆಲ್ಲ ಏಣಿ ಹತ್ತಿ, ಪ್ರತಿ ಮೊಳೆಗೂ ಬಳಿದರು. ಮರುದಿನ ಹನಿ ಹೆಚ್ಚಾಯಿತು. ಮತ್ತೆ ಬಳಿದರು. ಅತ್ತೆ ಒಳಗಿನಿಂದ ಇನ್ನಷ್ಟು ಸಂದಿ ಹುಡುಕಿ ಮೆತ್ತಿದರು, ಕೆಂಡ ಹೆಚ್ಚಿಸಿದರು. ಹನಿ ಇನ್ನೂ ಹೆಚ್ಚಾಯಿತು. ತೊಟ್ಟಿಲನ್ನು ಆ ಮೂಲೆಗೆ ಒಯ್ದರೆ ಅಲ್ಲಿ, ಈ ಮೂಲೆಗೆ ತಂದರೆ ಇಲ್ಲಿ. ಕೊನೆಗೆ ಅತ್ತೆ ತೊಟ್ಟಿಲ ಮೇಲೆ ಹಿತ್ತಾಳೆಯ ಪರಾತವನ್ನು ಹಿಡಿದು ಕೂತರು. ಟಪ್, ಟಪ್ ಎಂದು ಅದರ ಮೇಲೆ ಬೀಳುವುದು. ಹಾಸಿಗೆ ಹಸಿ, ಗೋಡೆ ಹಸಿ, ಅರಳೆ ಹಸಿ. ಕೂಸಿನ ಎದೆಯಲ್ಲಿ ಗೊರಗೊರ ಸದ್ದು ಶುರುವಾಗಿತ್ತು. ಮೊಲೆ ಬಾಯಿಗಿಟ್ಟರೆ ಎರಡು ಸಲ ಚೀಪಿ ಬಿಡುತ್ತಿತ್ತು. ಮಾವ ಏಣಿ ಇಳಿದು ಬಂದು ಡಾಂಬರಿನ ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಳದಲ್ಲಿ ನಿಲ್ಲುತ್ತಿದ್ದರು. ನಮ್ಮ ಮನೆಯವರಿಗೆ ಗದಗಿನ ಅರಳೆ ಕಾರಖಾನೆಯಲ್ಲಿ ಕೆಲಸ. ರಜೆ ಹಾಕಿ ಬಂದವರು ಕೂಸನ್ನು ನೋಡಿ ಏಣಿ ಹಿಡಿಯಲು ಹೊರಗೆ ಹೋದರು.

ಬಾಣಂತಿಗೆ ನೋಡಲು ಸೂರು ಬಿಟ್ಟರೆ ಬೇರೇನಿದೆ? ನಾನು ದಿನವಿಡೀ ಹನಿಗಳನ್ನೇ ನೋಡುತ್ತಿದ್ದೆ. ಒಂದು ದಿನ ಜಡಿ ಹರಿದು ಬಿಸಿಲು ಬಿತ್ತು. ಬೆಳಗ್ಗೆಯಿಂದ ಒಂದು ಹನಿ ಮಳೆಯಿಲ್ಲ. ಆದರೂ ನನ್ನ ಜಳಕ ಮುಗಿದ ಮೇಲೆ ಟಪ್, ಟಪ್.

"ಅತ್ತೀ, ಹೊರಗ ಬಿಸಲೈತಿ, ಹೌದಲ್ರಿ?"

"ಹೂಂ. ಬಿದ್ದೈತಿ."

"ಮತ್ತ ಇದೆಲ್ಲಿಂದ ಸೋರಾಕತ್ತೈತ್ರಿ?"

ಅತ್ತೆ ಪರಾತವನ್ನು ಕೆಳಗಿಟ್ಟರು. ಹೊರಸಿನ ಮೇಲೆ ಹತ್ತಿ ಕೈಯ ಹಿಂಬದಿಯನ್ನು ತಗಡಿಗೆ ತಾಗಿಸಿದರು. ತೊಯ್ದ ಕೈಯನ್ನು ಮೂಗಿಗೆ ಹಿಡಿದರು. ಮತ್ತೊಮ್ಮೆ ಮೂಸಿದರು.

"ಲೋಬಾನ ನಾರತೈತಿ" ಎಂದರು. ಮೂಲೆಯ ಜಳಕದ ಕಲ್ಲಿನ ಕಡೆ ನೋಡಿದರು. "ಇದು ಮಳಿ ನೀರಲ್ಲ. ನಿನ್ನ ಜಳಕದ ನೀರು, ನಮ್ಮ ಉಸಿರು. ಅಯ್ಯ ನನ್ನ ಶಿವನ, ಕೂಸನ್ನ ನಾ ಹಗೇವಿಗೆ ಹಾಕೇನಿ!"

ಅತ್ತೆಯ ತವರು ಮುಳಗುಂದ. ಅವರ ಮನೆಯಂಗಳದಲ್ಲಿ ಜೋಳ ತುಂಬಿಡುವ ಹಗೇವು ಇತ್ತು, ನೆಲದೊಳಗಿನ ಆಳದ ಕುಣಿ. ಹಸಿ ಉಳಿದ ಜೋಳವನ್ನು ಅದಕ್ಕೆ ಹಾಕಿ ಬಾಯಿ ಮೆತ್ತಿದರೆ ಕಾಳು ಕಾವು ಹಿಡಿದು ಬೆವರುತ್ತದೆ. ಬೆವರಿ ಕೊಳೆಯುತ್ತದೆ. ಕಾಳು ಗೋಡೆಗೆ ತಾಗದಂತೆ ಸುತ್ತ ಕಣಿಕೆ, ಜೋಳದ ಒಣ ದಂಟು, ಹೊಂದಿಸುತ್ತಾರೆ. ಬಾಯಿ ತೆರೆದ ಮೇಲೆ ಕೆಟ್ಟ ಗಾಳಿ ಹೊರಹೋಗುವವರೆಗೆ ಯಾರೂ ಇಳಿಯುವುದಿಲ್ಲ. ಇದೆಲ್ಲ ಅವರಿಗೆ ಬಾಲ್ಯದಿಂದ ಗೊತ್ತಿದ್ದದ್ದು. ಗೊತ್ತಿದ್ದದ್ದು ಹೆದರಿಕೆಯಲ್ಲಿ ನೆನಪಿಗೆ ಬಂದಿರಲಿಲ್ಲ, ಅಷ್ಟೇ.

ಗೊತ್ತಾದದ್ದೇನೋ ಸರಿ, ಆದರೆ ಮಾಡುವುದು ಸುಲಭವಿರಲಿಲ್ಲ. ಬಾಣಂತಿ ಕೋಣೆಗೆ ಗಾಳಿ ಬಿಟ್ಟು ಕೂಸಿಗೆ ಏನಾದರೂ ಆದರೆ, ಓಣಿಯೂ ಬೀಗರೂ ಒಂದೇ ಮಾತು ಹೇಳುತ್ತಾರೆ. ಅತ್ತೆಯ ಕೈ ಕಿಂಡಿಯ ತನಕ ಹೋಗಿ ನಿಂತಿತು. ತಿರುಗಿ ನನ್ನನ್ನು ನೋಡಿದರು. ಆ ಮನೆಯಲ್ಲಿ ಅವರು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

"ನೀ ಏನಂತೀಯವಾ?"

"ತಗೀರಿ ಅತ್ತೀ" ಎಂದೆ.

ಕೌದಿಯ ತುಂಡು ಹೊರಬಂತು. ಕಿಂಡಿಯಿಂದ ಬಿಸಿಲಿನ ಒಂದು ಪಟ್ಟಿ ಒಳಗೆ ಬಿದ್ದು, ಅದರಲ್ಲಿ ಉಗಿಯೂ ಹೊಗೆಯೂ ಹೊರಳುತ್ತ ಹೊರಗೆ ಹೋಗುವುದು ಕಣ್ಣಿಗೆ ಕಾಣಿಸಿತು. ಮಾವ ಹಿತ್ತಲಿನಿಂದ ಒಣ ಕಣಿಕೆಯ ಹೊರೆ ತಂದರು. ಇಬ್ಬರೂ ಕೂಡಿ ತಗಡಿನ ಕೆಳಗೆ ಗಳ ಕಟ್ಟಿ, ಕಣಿಕೆಯನ್ನು ಒತ್ತಾಗಿ ಹೊಂದಿಸಿದರು. ಮೇಲೆ ತಗಡು, ಕೆಳಗೆ ಹಗೇವಿನ ಹೊದಿಕೆ. ಉಗಿ ಇನ್ನು ತಣ್ಣನೆಯ ತಗಡಿಗೆ ತಾಗಿ ಹನಿಯಾಗುವಂತಿರಲಿಲ್ಲ. ಜಳಕ ಬಚ್ಚಲಿಗೆ ಹೋಯಿತು. ಅತ್ತೆ ನನ್ನನ್ನು ಕಂಬಳಿಯಲ್ಲಿ ಸುತ್ತಿ ಮೂಟೆಯಂತೆ ಅಂಗಳ ದಾಟಿಸುತ್ತಿದ್ದರು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ, "ಬಾಣಂತಿಗೆ ಗಾಳಿ ಹಾಕಾಕತ್ತಾಳ, ಸೊಸಿ ಬ್ಯಾಸರಾಗಿರಬೇಕು" ಎಂದದ್ದು ನಮ್ಮಿಬ್ಬರಿಗೂ ಕೇಳಿಸಿತು. ಅತ್ತೆ ಮರುಮಾತಾಡಲಿಲ್ಲ. ಮಾತಾಡದ ಅತ್ತೆಯನ್ನು ನೋಡುವುದು ಕೂಸಿನ ಗೊರಗೊರ ಕೇಳುವುದಕ್ಕಿಂತ ಕಷ್ಟವಾಗಿತ್ತು.

ಗೋಡೆ ಮೊದಲು ಒಣಗಿತು. ಆಮೇಲೆ ಅರಳೆ. ಕೂಸಿನ ಎದೆ ಎಲ್ಲಕ್ಕಿಂತ ತಡವಾಗಿ. ರಾಜ್ಯ ಒಂದಾದ ದಿನ ಓಣಿಯಲ್ಲಿ ಡೊಳ್ಳು ಬಾರಿಸುತ್ತ ಮೆರವಣಿಗೆ ಹೋಯಿತು. ಆ ಸಪ್ಪಳ ಕಿಂಡಿಯಿಂದ ಒಳಗೆ ಬಂತು. ಕೂಸು ಬೆಚ್ಚಿತು. ಬೆಚ್ಚಿ, ಬಾಯಿ ತೆರೆದು, ಮನೆಯೆಲ್ಲ ಕೇಳುವಂತೆ ಅತ್ತಿತು. ಹುಟ್ಟಿದಾಗಿನಿಂದ ಅಷ್ಟು ದೊಡ್ಡದಾಗಿ ಅತ್ತಿರಲಿಲ್ಲ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಹೊಸ್ತಿಲ ಮೇಲೆ ಕೂತುಬಿಟ್ಟರು.

ಹೊಳೆ ಇಳಿದ ಮೇಲೆ ಅಪ್ಪ ಬಂದ. ಬಂದವನೇ ಕಿಂಡಿಯ ಕಡೆ ಕೈ ಮಾಡಿ, "ಬೀಗ್ತಿ, ಇದನ್ನ್ಯಾಕ ತಗದಿಟ್ಟೀರಿ?" ಎಂದ. ಅತ್ತೆ ಕೂಸನ್ನು ಅವನ ಕೈಗೆ ಹಾಕುತ್ತ, "ಕೂಸು ಹೊರಗಿನ ಸುದ್ದಿ ಕೇಳಲಿ ಅಂತ್ರಿ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇನ್ನ ನೀ ಪರರಾಜ್ಯದಾಕಿ ಅಲ್ಲ ಬಿಡು. ಸರಕಾರದವರ ಹೇಳ್ಯಾರ. ಉಪ್ಪು ಹೆಚ್ಚಾದರ ಈಗ ಯಾರನ್ನ ಬೈಲಿ?" ಎಂದು ಕೊರಗಿದರು.

ಆ ಕೋಣೆ ಆಮೇಲೆ ಅತ್ತೆಯದೇ ಆಯಿತು. ಕೊನೆಯ ಉಸಿರೂ ಅಲ್ಲೇ. ಅವರು ಹೋದ ಜಾಗದಲ್ಲಿ ದೀಪ ಹಚ್ಚಿಟ್ಟಾಗ ಕಿಂಡಿಯ ಗಾಳಿಗೆ ಅದು ಓಲಾಡಿತು. ದೀಪ ಆರಬಾರದೆಂದು ನಾನೇ ಅವರ ಕೌದಿಯ ಒಂದು ತುಂಡನ್ನು ಕಿಂಡಿಗೆ ತುರುಕಿದೆ. ದಿನಕರ್ಮಗಳು ಮುಗಿದವು, ದೀಪ ತೆಗೆದರು, ಕೌದಿ ತೆಗೆಯಲಿಲ್ಲ. ಮನೆಯಲ್ಲಿ ಕೆಲಸವಿಲ್ಲದಾಗ ನಾನು ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಕೂರುತ್ತಿದ್ದೆ. ಅತ್ತೆಗಾಗಿ ಇಷ್ಟು ಅಳುವ ಸೊಸೆ ಎಂದರೆ ಓಣಿ ನಗುತ್ತದೆ. ಅದಕ್ಕೇ ಬಾಗಿಲು.

ಮೊನ್ನೆ ಅಲ್ಲಿ ಕೂತಾಗ ಕೈ ತಾನಾಗಿ ಗೋಡೆಗೆ ಹೋಯಿತು. ತಣ್ಣಗೆ ಅಂಟಿತು. ಬಾಗಿಲು ತೆರೆದೆ. ಅಂಗಳದಲ್ಲಿ ಮಾವ ಕೂತಿದ್ದರು. ಅವರು ಈಗ ಹೆಚ್ಚು ಮಾತಾಡುವುದಿಲ್ಲ. ನನ್ನ ಹಸಿ ಕೈ ನೋಡಿ ಎದ್ದರು.

"ಸೋರಾಕತ್ತೈತೇನವಾ? ಡಾಂಬರ ಕಾಸ್ಲೇನು?"

"ಬ್ಯಾಡ್ರಿ ಮಾವಾರ. ಇದು ಮಳಿ ನೀರಲ್ಲ."

ಹೊರಸು ಎಳೆದು, ಹತ್ತಿ, ಕೌದಿಯನ್ನು ಕಿತ್ತೆ. ಅದು ನೆನೆದು ಭಾರವಾಗಿತ್ತು. ಶಾಲೆಯಿಂದ ಬಂದ ಮಗಳು, ಒಂದು ಕಾಲಕ್ಕೆ ಅಂಗೈ ಮೇಲೆ ಮಲಗಿದ್ದವಳು, ಬಾಗಿಲಲ್ಲಿ ನಿಂತು ಮುಖ ಕಿವುಚಿದಳು. "ಯವ್ವಾ, ಥಂಡಿ ಗಾಳಿ ಬರಾಕತ್ತೈತಿ. ಯಾಕ ತಗದಿ?"

ಏನು ಹೇಳಬೇಕೆಂದು ನನಗೆ ಗೊತ್ತಿತ್ತು. ನಾನು ಹೊರಸಿನಿಂದ ಇಳಿಯುವಷ್ಟರಲ್ಲಿ ಮಾವ ಹೇಳಿದರು: "ಹೊರಗಿನ ಸುದ್ದಿ ಕೇಳಲಿ ಅಂತವಾ."

ಕೌದಿಯನ್ನು ಹಿಂಡಿ ಅಂಗಳದ ಹಗ್ಗಕ್ಕೆ ಹಾಕಿದೆ. ಇಳಿಬಿಸಿಲಿತ್ತು. ದೀಪ ಹಚ್ಚುವ ಹೊತ್ತಿಗೆ ಹೋಗಿ ಕೈಯ ಹಿಂಬದಿಯಿಂದ ಮುಟ್ಟಿ ನೋಡಿದೆ. ಅಂಚಿನಲ್ಲಿ ಇನ್ನೂ ಸ್ವಲ್ಪ ಹಸಿ ಇತ್ತು. ಇರಲಿ, ನಾಳೆಯೂ ಬಿಸಿಲು ಬೀಳುತ್ತದೆ.