ಹಗ್ಗ ಎತ್ತಬೇಡಿ ಎನ್ನುವ ನೇತ್ರಾ

ಬೆಳಗಿನ ಐದೂವರೆಗೆ ನೇತ್ರಾ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಾರೆ. ವರ್ಷದ ಖಾರದಪುಡಿಗೆಂದು ಗಡಹಿಂಗ್ಲಜದ ಸಂತೆಯಿಂದ ತಂದ ಎಂಟು ಕಿಲೋದಲ್ಲಿ ಅರ್ಧ ಮುಗಿದಿದೆ. ಪಕ್ಕದ ಸ್ಟೂಲಿನ ಮೇಲೆ ಲ್ಯಾಪ್‌ಟಾಪ್. ಅದರ ಪರದೆಯಲ್ಲಿ ಹಸಿರು ಸಾಲುಗಳು ಒಂದೊಂದಾಗಿ ಮೂಡುತ್ತಿವೆ. ಖಾರದ ಬೆರಳು ತಾಗಬಾರದೆಂದು ಅವರು ಮೊಣಕೈಯಿಂದಲೇ ಒಂದು ಗುಂಡಿ ಒತ್ತುತ್ತಾರೆ.

"ಕೈ ತೊಳಕೊಂಡು ಒತ್ತಬಾರದೇನ?" ಎನ್ನುತ್ತಾರೆ ಎದುರು ಕೂತ ಅತ್ತೆ ಅಕ್ಕವ್ವ.

"ಬರೇ ನೀರಿಗೆ ಖಾರ ಹೋಗೂದಿಲ್ರಿ ಅತ್ತಿ."

"ಹಂಗಾರ ಪಗಾರಾನೂ ಮೊಣಕೈಲೇ ತಗೋ."

ನಲವತ್ಮೂರರ ನೇತ್ರಾ ಕೊಲ್ಲಾಪುರದ ಒಂದು ಸಣ್ಣ ಕಂಪನಿಗೆ ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದಾರೆ, ಈಗ ಮನೆಯಲ್ಲೇ ಕೂತು. ಓಣಿಯವರಿಗೆ ಗೊತ್ತಿರುವುದು 'ಕಂಪ್ಯೂಟರಿನ ಕೆಲಸ' ಎಂದಷ್ಟೇ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೂ ಮೂರು ಸಲ ಹೇಳಿಸಿಕೊಂಡ ಮೇಲೆಯೇ ತಿಳಿದದ್ದು. ಯಂತ್ರಗಳೊಳಗೆ ಕೂರುವ ಒಂದು ಎಲೆಕ್ಟ್ರಾನಿಕ್ ಚಿಪ್ಪನ್ನು ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಮೊದಲು ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ಕಂಪ್ಯೂಟರಿನೊಳಗೆ ಅದರ ಪಡಿಯಚ್ಚು ಮಾಡಿ ಓಡಿಸಿ ನೋಡುತ್ತಾರೆ. ಆ ಕೆಲಸ ಒಬ್ಬರಿಂದ ಮುಗಿಯದಷ್ಟು ದೊಡ್ಡದು. ಆದ್ದರಿಂದ ಇಪ್ಪತ್ನಾಲ್ಕು ಪಾಲು ಮಾಡುತ್ತಾರೆ. ಒಂದೊಂದು ಪಾಲನ್ನು ಹೊತ್ತು ಓಡುವುದಕ್ಕೆ ಥ್ರೆಡ್ ಎನ್ನುತ್ತಾರೆ. ಯಾವ ಥ್ರೆಡ್ ಯಾವಾಗ ಓಡಬೇಕು, ಯಾವುದು ಯಾವುದಕ್ಕೆ ಕಾಯಬೇಕು ಎಂದು ಗೊತ್ತುಮಾಡುವವರು ನೇತ್ರಾ.

ಕೈಗೆ ಶೇಂಗಾ ಎಣ್ಣೆ ಹಚ್ಚಿ ತೊಳೆದು ಬಂದು ಅವರು ಅಡುಗೆಮನೆಯ ನೆಲದ ಮೇಲೆಯೇ ನನಗೆ ಪಾಠ ಹೇಳುತ್ತಾರೆ; ನನ್ನ ನರೆಗೂದಲಿಗೆ ಮರ್ಯಾದೆ ಕೊಟ್ಟು 'ಆಯಿ' ಎನ್ನುತ್ತಾರೆ. ತವರು ಚಂದಗಡದ ಕಡೆ, ಬತ್ತದ ಸೀಮೆ. "ನಮ್ಮ ಗದ್ದ್ಯಾಗ ಸಸಿ ಹಚ್ಚೂಮುಂದ ಅಡ್ಡ ಹಗ್ಗ ಹಿಡೀತಾರ್ರಿ ಆಯಿ. ಹಗ್ಗದ ಗುಂಟ ಹೆಣ್ಮಕ್ಕಳು ಸಾಲಾಗಿ ಬಗ್ಗಿ ಹಚ್ಚತಾರ. ಎಲ್ಲಾರೂ 'ಆತು' ಅಂದಮ್ಯಾಲೆ ಹಗ್ಗ ಹಿಂದ ಸರೀತೈತಿ. ನಾ ಸಣ್ಣಾಕಿ ಇದ್ದಾಗ ಹಗ್ಗ ಹಿಡಿಯಾಕಿ. ಈಗೂ ಹಗ್ಗಾನ ಹಿಡದೇನಿ."

ಕಂಪ್ಯೂಟರಿನ ಒಂದು ಓಟದಲ್ಲಿ ಆ ಹಗ್ಗ ನಲವತ್ತು ಲಕ್ಷ ಸಲ ಸರಿಯುತ್ತದೆ. ಒಂದೇ ಪರೀಕ್ಷೆಯನ್ನು ಇನ್ನೂರು ಸಲ ಓಡಿಸುತ್ತಾರೆ. ಇನ್ನೂರು ಸಲವೂ ಅದೇ ಉತ್ತರ ಬರಬೇಕು.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಹಾಗೆ ಬರಲಿಲ್ಲ. ನೂರಕ್ಕೊಮ್ಮೆ ಬೇರೆ ಉತ್ತರ. ಹತ್ತೊಂಬತ್ತು ದಿನ ಹುಡುಕಿದರು. ಒಂದು ಥ್ರೆಡ್ ತಾನು ಕೊಡಬೇಕಾದ ಸುದ್ದಿಯನ್ನು ಕೊಡುವ ಮೊದಲೇ ತನ್ನ ಕೆಲಸ ಮುಗಿಯಿತೆಂದು ಗುರುತು ಹಾಕುತ್ತಿತ್ತು. "ಕೈಯಾಗ ಇನ್ನೊಂದು ಸಸಿ ಇತ್ರಿ, ಆದ್ರೂ 'ಆತು' ಅಂದಿತ್ತು. ಹಗ್ಗ ಸರೀತು. ಆ ಸಸಿ ಮುಂದಿನ ಸಾಲಿಗೆ ಬಿತ್ತು. ತಪ್ಪು ನಂದ. ಗದ್ದ್ಯಾಗ ಕಲ್ತದ್ದನ್ನ ಕುರ್ಚಿ ಮ್ಯಾಲೆ ಕುಂತು ಮರ್ತಿದ್ದೆ." ಅಂದಿನಿಂದ ಸುದ್ದಿ ತಲುಪದೆ ಗುರುತಿಲ್ಲ ಎಂಬುದು ಅವರ ಕಟ್ಟಳೆ.

ಈ ಕಟ್ಟಳೆಯನ್ನೇ ಐದು ತಿಂಗಳ ಹಿಂದೆ ಮ್ಯಾನೇಜರ್ ಆಶಿಷ ತೆಗೆಸಿದರು. ಕಾಯುವುದನ್ನು ಕೈಬಿಟ್ಟರೆ ಓಟ ನಾಲ್ಕು ಪಟ್ಟು ಬೇಗ ಮುಗಿಯುತ್ತದೆ. ಪುಣೆಯ ಗಿರಾಕಿಗೆ ಅವಸರವಿತ್ತು. ಚಿಪ್ಪು ಸಲಾಯಿನ್ ಹನಿ ಅಳೆಯುವ ಯಂತ್ರದ್ದು, ನಳಿಕೆಯಲ್ಲಿ ಗಾಳಿಗುಳ್ಳೆ ಬಂದರೆ ಅದು ಗಂಟೆ ಬಾರಿಸಬೇಕು. ನೂರಾ ತೊಂಬತ್ತೇಳು ಓಟಗಳಲ್ಲಿ ಬಾರಿಸಿತು. ಮೂರರಲ್ಲಿ ಬಾರಿಸಲಿಲ್ಲ.

"ಆ ಮೂರು ಸುಳ್ಳೋ, ಉಳದದ್ದು ಸುಳ್ಳೋ, ಹೇಳಾಕ ಬರೂದಿಲ್ಲ ಅಂದೆ. 'ಅಹೋ ಮ್ಯಾಡಮ್, ಚಾಲತಂಯ' ಅಂದ್ರು. ನಡೀತೈತಿ ಅಂತ. ನಡಿಯೂದಿಲ್ರಿ ಸರ್ ಅಂದೆ. ಮೂರನ್ನೂ ತೆಗದು, ಎಲ್ಲಾ ಸರಿ ಐತಿ ಅಂತ ವರದಿ ಕಳಿಸಿದ್ರು. ತಪಾಸಣೆ ಮಾಡಿದಾಕಿ ಅಂತ ಕೆಳಗ ನನ್ನ ಹೆಸರು."

ಮರುದಿನವೇ ನೇತ್ರಾ ಗಿರಾಕಿಗೆ ಪತ್ರ ಬರೆದರು, ಆದರೆ ಕಳಿಸಲಿಲ್ಲ. ಮಾವ ಪಾರ್ಶ್ವವಾಯುವಿನಿಂದ ಮಲಗಿದಾಗ ಮನೆಯಿಂದಲೇ ದುಡಿಯಲು ಬಿಟ್ಟವರು ಇದೇ ಆಶಿಷ. ಈ ಸುತ್ತಮುತ್ತ ಇಂಥ ಕೆಲಸ ಕೊಡುವ ಇನ್ನೊಂದು ಕಂಪನಿಯಿಲ್ಲ. ಪತ್ರ ಲ್ಯಾಪ್‌ಟಾಪಿನಲ್ಲೇ ಉಳಿಯಿತು. ಈ ಬುಧವಾರ ಸುದ್ದಿ ಬಂತು: ಚಿಪ್ಪು ಸೋಮವಾರ ಎರಕಕ್ಕೆ ಹೋಗುತ್ತದೆ. ಆಮೇಲೆ ತಿದ್ದಲು ಬರುವುದಿಲ್ಲ.

ಥ್ರೆಡ್‌ಗಳು ಒಂದಕ್ಕೊಂದು ಕಾಯುವಂತೆ ಮಾಡಿ ಓಡಿಸಲು ಕಂಪನಿಯ ದೊಡ್ಡ ಯಂತ್ರ ಬೇಕು. ಆಶಿಷ ಅದನ್ನು ಈತನಕ ಕೊಟ್ಟಿರಲಿಲ್ಲ. ನಿನ್ನೆ ಶನಿವಾರ ಕಂಪನಿಗೆ ರಜೆ, ಯಂತ್ರ ಖಾಲಿಯಿತ್ತು. ನೇತ್ರಾ ಕಾಯುವ ಕಟ್ಟಳೆಯನ್ನು ಮತ್ತೆ ಸೇರಿಸಿ ಇನ್ನೂರು ಓಟ ಹಚ್ಚಿದರು. "ಕೇಳಿದ್ರ ಬ್ಯಾಡ ಅಂತಿದ್ರು. ಅದಕ್ಕ ಕೇಳಲಿಲ್ಲ."

ಬೆಳಿಗ್ಗೆಯಿಂದ ಪರದೆಯಲ್ಲಿ ಮೂಡುತ್ತಿದ್ದ ಹಸಿರು ಸಾಲುಗಳು ಅವೇ, ಮುಗಿದ ಓಟಕ್ಕೊಂದು. ಏಳಕ್ಕೆ ಕೊನೆಯ ಸಾಲು ಬರುತ್ತದೆ. ಇನ್ನೂರಕ್ಕೂ ಒಂದೇ ಉತ್ತರ, ಒಂದೂ ಬೇರೆಯಿಲ್ಲ. ನೇತ್ರಾ ಆ ಉತ್ತರವನ್ನು ಬಿಡಿಸಿ ಓದುತ್ತಾರೆ, ಮತ್ತೊಮ್ಮೆ ಓದುತ್ತಾರೆ. ಇನ್ನೂರರಲ್ಲೂ ಗಂಟೆ ಬಾರಿಸಿಲ್ಲ.

"ಆ ಮೂರ ಖರೇ ಹೇಳಿದ್ದು" ಎನ್ನುತ್ತಾರೆ, ಮೆಲ್ಲಗೆ.

"ಏನಾತು?" ಅಕ್ಕವ್ವ ಕೇಳುತ್ತಾರೆ.

"ಚಿಪ್ಪಿನಾಗ ದೋಷ ಐತ್ರಿ ಅತ್ತಿ. ನನ್ನ ಹೆಸರಿಲೆ ಸರಿ ಐತಿ ಅಂತ ಹೇಳಿ ಕಳಿಸ್ಯಾರ."

"ಮತ್ತ ಕುಂತೀ ಯಾಕ?"

ನೇತ್ರಾ ಪತ್ರ ತೆರೆಯುತ್ತಾರೆ. 'ದಯವಿಟ್ಟು ತಪ್ಪು ತಿಳಿಯಬಾರದು' ಎಂಬ ಮೊದಲ ಸಾಲನ್ನು ಅಳಿಸುತ್ತಾರೆ. ವರದಿ ಸುಳ್ಳು, ಇನ್ನೂರು ಉತ್ತರಗಳು ಇದರೊಂದಿಗಿವೆ, ಎರಕ ನಿಲ್ಲಿಸಿ ಎಂದು ಬರೆಯುತ್ತಾರೆ. ಕೆಳಗೆ ಪೂರ್ತಿ ಹೆಸರು, ಫೋನ್ ನಂಬರು. ಅದರ ಒಂದು ಪ್ರತಿ ಆಶಿಷ ಅವರಿಗೂ. "ಬೆನ್ನ ಹಿಂದ ಮಾಡೂದಲ್ಲ ಇದು."

ಇದನ್ನೆಲ್ಲ ಪತ್ರಿಕೆಗೆ ಬರೆಯಲೇ ಎಂದು ಕೇಳುತ್ತೇನೆ. "ಬರೀರಿ. ಹೆಸರ ಹಚ್ಚೇ ಬರೀರಿ. ನನಗ ಕೇಳಲಾರದನ ಸುಳ್ಳಿಗೆ ಹಚ್ಯಾರ, ಇದಕ್ಕರ ನಾನ ಹಚ್ಚಿದ್ದು ಇರಲಿ."

"ಕೆಲಸಾ ಹೋದ್ರ?" ಅಕ್ಕವ್ವ ಕೇಳುತ್ತಾರೆ. ದನಿಯಲ್ಲಿ ಈಗ ಹಾಸ್ಯವಿಲ್ಲ.

"ಅವರು ಕೊಟ್ಟ ಕುರ್ಚಿ ಹೋಗತೈತ್ರಿ ಅತ್ತಿ. ಕೆಲಸಾ ನನ್ನ ಕೈಯಾಗ ಐತಿ."

ಏಳು ಗಂಟೆ ಹತ್ತು ನಿಮಿಷಕ್ಕೆ, ಐದು ತಿಂಗಳು ತಡವಾಗಿ, ಪತ್ರ ಹೋಗುತ್ತದೆ.