ಮೂರು ಫ್ಯಾನಿನ ರೇಡಿಯೇಟರ್

ದೊಡ್ಡದನ್ನು ಕೊಂಡುಬಿಟ್ಟರೆ ಯೋಚಿಸುವ ಕೆಲಸ ತಪ್ಪುತ್ತದೆ ಎಂಬುದು ಬಹುಕಾಲ ನನ್ನ ನಂಬಿಕೆಯಾಗಿತ್ತು. ಕೊಡೆ, ಚಪ್ಪಲಿ, ಕುಕ್ಕರು ಎಲ್ಲವನ್ನೂ ಹಾಗೇ ಕೊಂಡೆ. ಹತ್ತು ಜನರ ಅನ್ನ ಬೇಯುವ ಕುಕ್ಕರಿನ ತಳದಲ್ಲಿ ನಮ್ಮಿಬ್ಬರ ಅಕ್ಕಿಯನ್ನು ಹುಡುಕಬೇಕಾಗುತ್ತಿತ್ತು. ಹೆಂಡತಿ ಹೇಳಿ ಸೋತಿದ್ದಳು. ನನಗೆ ಬುದ್ಧಿ ಬಂದದ್ದು ಕಂಪ್ಯೂಟರಿಗೆ ರೇಡಿಯೇಟರ್ ಕೊಂಡಾಗ.

ಕಂಪ್ಯೂಟರಿಗೂ ರೇಡಿಯೇಟರ್ ಉಂಟೇ ಎಂದು ನೀವು ಕೇಳಬಹುದು. ಕಾರಿಗೆ ಇರುವಂಥದ್ದೇ, ಗಾತ್ರದಲ್ಲಿ ಚಿಕ್ಕದು. ಆಗ ಮನೆಮನೆಗೆ ಡಿವಿಡಿ ಪ್ಲೇಯರ್ ಬಂದಿದ್ದ ಕಾಲ. ಅಂಕೋಲೆಯ ಮನೆಯಲ್ಲೇ ನನ್ನದೊಂದು ವಿಡಿಯೊ ಸ್ಟುಡಿಯೊ ಇತ್ತು. ಮದುವೆಗಳನ್ನು ಶೂಟ್ ಮಾಡಿ ತಂದು ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಹಾಡು ಸೇರಿಸಿ ಮಿಕ್ಸಿಂಗ್ ಮಾಡುತ್ತಿದ್ದೆ. ಮೇ ತಿಂಗಳ ಸೆಕೆಯಲ್ಲಿ ಆ ಯಂತ್ರ ಇಪ್ಪತ್ತು ನಿಮಿಷ ದುಡಿದರೆ ಸಾಕು, ಕಾದು ತಾನೇ ಆಫ್ ಆಗುತ್ತಿತ್ತು. ಒಳಗಿನ ಬಿಸಿಯನ್ನು ನೀರಿನಲ್ಲಿ ಹೊರಗೆ ಸಾಗಿಸುವ ಕಿಟ್ ಒಂದು ಬಂದಿದೆ ಎಂದು ತಿಳಿದದ್ದೇ ತಡ, ರೈಲು ಹತ್ತಿ ಮಡಗಾಂವಿಗೆ ಹೋದೆ. ಅಂಗಡಿಯವನು ಮೂರು ಬಗೆ ತೋರಿಸಿದ: ಒಂದು ಫ್ಯಾನಿನದು, ಎರಡರದು, ಮೂರರದು. ನಾನು ಯಾವುದನ್ನು ತಂದೆನೆಂದು ಹೇಳಬೇಕಾಗಿಲ್ಲ.

ಮನೆಗೆ ತಂದು ನೋಡಿದರೆ ಅದು ಕಂಪ್ಯೂಟರಿನ ಕ್ಯಾಬಿನೆಟ್ಟಿನ ಒಳಗೆ ಹೋಗಲಿಲ್ಲ. ಓರೆ ಮಾಡಿದೆ, ಅಡ್ಡ ಮಾಡಿದೆ. ಕೊನೆಗೆ ಹೊರಗೆ ಗೋಡೆಗೆ ಒರಗಿಸಿ ನಿಲ್ಲಿಸಿದೆ. ಪೈಪು ಸಾಲದೆ ಬಿಗಿದು ನಿಂತಿತು. ಸ್ವಿಚ್ ಹಾಕಿದರೆ ಈ ಸಲ ಮೂವತ್ತು ನಿಮಿಷಕ್ಕೆ ಆಫ್ ಆಯಿತು. ಇಷ್ಟು ದೊಡ್ಡ ರೇಡಿಯೇಟರಿಗೆ ಹತ್ತೇ ನಿಮಿಷದ ಲಾಭ!

ಆ ಹೊತ್ತಿಗೆ ಹಾರವಾಡದ ದೇವಿದಾಸ ಬಂದ. ಬೋಟಿನ ಎಂಜಿನ್ ರಿಪೇರಿ ಅವನ ಕಸುಬು. ಅವನ ಅಣ್ಣನ ಮಗಳು ಶೋಭಾಳ ಮದುವೆಯನ್ನು ನಾನೇ ಶೂಟ್ ಮಾಡಿದ್ದೆ.

"ನಾಯ್ಕ್ರೇ, ಡಿವಿಡಿ ಎಲ್ಲಿಗೆ ಬಂತು? ಆಯಿ ಹಟ ಹಿಡದು ಕುಂತದೆ" ಎಂದ.

ಅವನ ತಾಯಿಗೆ ಒಂದು ಕಣ್ಣು ಎಂದೋ ಹೋಗಿತ್ತು. ಉಳಿದ ಕಣ್ಣಿಗೂ ಪೊರೆ ಬಂದು, ಕಾರವಾರದಲ್ಲಿ ಆಪರೇಶನ್ನಿಗೆ ದಿನ ಗೊತ್ತಾಗಿತ್ತು. ಮೊಮ್ಮಗಳ ಮದುವೆಯ ದಿನ ಚಿಕೂನ್‌ಗುನ್ಯದಿಂದ ಕಾಲೂರಲಾಗದೆ ಮುದುಕಿ ಮನೆಯಲ್ಲೇ ಮಲಗಿದ್ದರು. ಈಗ ಅವರ ವಾದ ಒಂದೇ: ಇರುವ ಕಣ್ಣೂ ಆಪರೇಶನ್ನಿನಲ್ಲಿ ಹೋದರೆ? ಮಂಜಾದರೂ ಸರಿ, ಮದುವೆ ನೋಡಿದ ಮೇಲೆಯೇ ಆಸ್ಪತ್ರೆ. ಗೊತ್ತಾದ ದಿನಕ್ಕೆ ಇನ್ನು ಐದೇ ದಿನ ಉಳಿದಿತ್ತು. ನನಗೆ ನಾಚಿಕೆಯಾಯಿತು. ಗೋಡೆಗೊರಗಿದ್ದ ರೇಡಿಯೇಟರನ್ನು ಅವನಿಗೆ ತೋರಿಸಿದೆ.

ದೇವಿದಾಸ ನಗಲಿಲ್ಲ. ಫ್ಯಾನಿನ ಹಿಂದೆ ಕೈ ಹಿಡಿದು ನೋಡಿದ.

"ಇದು ಗೋಡೆಗೆ ಮುಖ ಒತ್ಕಂಡು ಕುಂತದೆ. ಗಾಳಿ ಎಲ್ಲಿಂದ ಬರೂದು, ಎಲ್ಲಿಗೆ ಹೋಗೂದು? ನೀರು ಬಿಸಿನ ಕೊಲ್ಲೂದಿಲ್ಲ ಮಾರಾಯ್ರೆ, ಹೊತ್ಕಂಡು ಹೋಗ್ತದೆ ಅಷ್ಟೇಯ. ಇಳಸೂಕೆ ಜಾಗ ಬೇಕಲ್ಲ?"

ಹತ್ತು ವರ್ಷ ಕಂಪ್ಯೂಟರಿನ ಮುಂದೆ ಕುಳಿತ ನನಗೆ ಹೊಳೆಯದ ಮಾತು ಅದು. ಬೋಟಿನವರಿಗೆ ಇಡೀ ಸಮುದ್ರವೇ ಬಿಸಿ ಇಳಿಸುವ ಜಾಗ. ನನಗಿದ್ದದ್ದು ಗೋಡೆಯ ಮೂಲೆ.

ಆಮೇಲೆ ಅವನು ಸ್ವೀಟಿನ ಡಬ್ಬಿಯ ರಟ್ಟು ಕೇಳಿದ. ಅಂಗಡಿಯಲ್ಲಿ ಕಂಡ ಮೂರು ಬಗೆಯ ಅಳತೆಗೂ ಒಂದೊಂದು ರಟ್ಟು ಕತ್ತರಿಸಿ ಕ್ಯಾಬಿನೆಟ್ಟಿನೊಳಗೆ ಹಿಡಿದು ನೋಡಿದೆವು. ಆಗ ನಾನು ಕಲಿತದ್ದನ್ನು ಇಂದಿಗೂ ಎದೆ ತಟ್ಟಿ ಹೇಳಬಲ್ಲೆ. ರೇಡಿಯೇಟರಿನ ಡಬ್ಬಿಯ ಮೇಲೆ ಬರೆದಿರುವುದು ಫ್ಯಾನಿನ ಲೆಕ್ಕದ ಅಳತೆ. ರೇಡಿಯೇಟರ್ ಅದಕ್ಕಿಂತ ಎರಡು ಬೆರಳಾದರೂ ಉದ್ದ ಇರುತ್ತದೆ. ದಪ್ಪ ಅಳೆಯುವಾಗ ಫ್ಯಾನನ್ನೂ ಸೇರಿಸಿಯೇ ಅಳೆಯಬೇಕು. ಒಂದು ಫ್ಯಾನಿನದು ಸುಲಭವಾಗಿ ಕೂರುತ್ತಿತ್ತು, ಆದರೆ ದಿನವಿಡೀ ದುಡಿಯುವ ಯಂತ್ರಕ್ಕೆ ಅದು ಸಾಲದು. ಮೂರರದಕ್ಕೆ ಜಾಗವಿಲ್ಲ. ಎರಡರದು ಮೇಲ್ಭಾಗದಲ್ಲಿ, ನೆತ್ತಿಯ ತಗಡು ಕೊರೆದರೆ, ಅಳೆದು ಮಾಡಿದ ಹಾಗೆ ಕೂರುತ್ತಿತ್ತು. ಬಿಸಿ ಗಾಳಿ ನೇರ ಮೇಲೆ ಹೋಗುತ್ತಿತ್ತು.

ಮರುದಿನ ಮತ್ತೆ ಮಡಗಾಂವಿಗೆ ಹೋದೆ. ಅಂಗಡಿಯವನು ಬದಲಾಯಿಸಿ ಕೊಟ್ಟ. ಅಷ್ಟರಲ್ಲಿ ದೇವಿದಾಸ ಖಾಲಿ ಕ್ಯಾಬಿನೆಟ್ಟನ್ನು ತನ್ನ ಗ್ಯಾರೇಜಿಗೆ ಒಯ್ದು, ನೆತ್ತಿಯಲ್ಲಿ ಎರಡು ದುಂಡನೆಯ ತೂತು ಕೊರೆದು, ಅಂಚಿಗೆ ರಬ್ಬರ್ ಕೂರಿಸಿ ತಂದ. ಎಲ್ಲ ಜೋಡಿಸಿ, ಮೇಜನ್ನು ಕಿಟಕಿಯ ಹತ್ತಿರ ಎಳೆದು ಸ್ವಿಚ್ ಹಾಕಿದೆವು. ಅರ್ಧ ತಾಸಾಯಿತು, ಎರಡು ತಾಸಾಯಿತು. ಯಂತ್ರ ನಿಲ್ಲಲಿಲ್ಲ. ಮೇಲೆ ಕೈ ಹಿಡಿದರೆ ಬೆಚ್ಚಗಿನ ಗಾಳಿ ಬರುತ್ತಿತ್ತು. ಹೆಂಡತಿ ಚಹಾ ತಂದವಳು ತಾನೂ ಕೈ ಹಿಡಿದು ನೋಡಿ, "ಹಪ್ಪಳ ಒಣಗಸೂಕೆ ಅಡ್ಡಿಲ್ಲ" ಎಂದಳು. ಅವಳ ಬಾಯಿಂದ ನಾನು ಕೊಂಡ ವಸ್ತುವಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

ಆಪರೇಶನ್ನಿನ ಹಿಂದಿನ ದಿನ ಬೆಳಿಗ್ಗೆ ಡಿವಿಡಿ ಹಿಡಿದು ಹಾರವಾಡಕ್ಕೆ ಹೋದೆ. ಅಜ್ಜಿ ಟಿವಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತರು. ಧಾರೆಯ ಹೊತ್ತಿಗೆ ನಾನು ಮಿಕ್ಸಿಂಗಿನಲ್ಲಿ ಹೆಮ್ಮೆಯಿಂದ ಹಾಕಿದ್ದ ಗುಲಾಬಿ ಎಸಳುಗಳು ಪರದೆಯ ತುಂಬ ಉದುರತೊಡಗಿದವು. ಯಂತ್ರ ಅತಿ ಹೆಚ್ಚು ಕಾದದ್ದು ಅವುಗಳಿಗಾಗಿಯೇ.

"ಅದೆಂತದಾ ಮುಖದ ಮೇಲೆ ಬೀಳೂದು?" ಅಂದರು ಅಜ್ಜಿ.

"ಹೂ, ಅಜ್ಜೀ."

"ಹೂ ಯಾರಿಗೆ ಬೇಕಾಗಿತ್ತು? ನಂಗೆ ಶೋಭಿ ಮುಖ ಕಾಣ್ಲಿಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅವರೇ ನನ್ನ ಕೈ ಹಿಡಿದು, "ಹೂವಿಲ್ಲದ್ದು ಒಂದು ಮಾಡಿಡು ತಮಾ. ಕಣ್ಣು ಮಾಡಿಸ್ಕಂಡು ಬಂದು ನೋಡ್ತೆ" ಎಂದರು.

ದೇವಿದಾಸ ಅತ್ತ ತಿರುಗಿ ನಿಂತ. ಕಣ್ಣು ಬರುತ್ತದೆಂಬ ಆ ಧೈರ್ಯದ ಮಾತನ್ನು ಮನೆಯವರೆಲ್ಲ ಸೇರಿಯೂ ಅವರಿಂದ ಹೇಳಿಸಲಾಗಿರಲಿಲ್ಲ.

ಹೂ ತೆಗೆದು ಮತ್ತೆ ಮಿಕ್ಸಿಂಗಿಗೆ ಹಾಕಿದೆ. ಮೊದಲು ಹಿಡಿದದ್ದರ ಅರ್ಧ ಹೊತ್ತಿನಲ್ಲಿ ಮುಗಿಯಿತು, ಯಂತ್ರ ಹೆಚ್ಚು ಕಾಯಲೂ ಇಲ್ಲ. ಆದ್ದರಿಂದ ಯಾವ ಗಾತ್ರದ ರೇಡಿಯೇಟರ್ ತರಲಿ ಎಂದು ಯಾರಾದರೂ ಕೇಳಿದರೆ, ಅಷ್ಟು ಬಿಸಿ ನಿಮಗೆ ಬೇಕೇ ಎಂದು ನಾನು ಮೊದಲು ಕೇಳುತ್ತೇನೆ. ರಟ್ಟಿನ ಮಾತು ಆಮೇಲೆ.

ತಿಂಗಳಾದ ಮೇಲೆ ಅಜ್ಜಿ ಹೊಸ ಕನ್ನಡಕ ಹಾಕಿಕೊಂಡು, ಗೋಡೆಗೊರಗಿ ಕುಳಿತು, ದೂರದಿಂದಲೇ ಮದುವೆ ನೋಡಿದರು. ಶೋಭಾಳೂ ಗಂಡನೂ ಮಲ್ಲಾಪುರದ ಕ್ವಾರ್ಟರ್ಸಿನಿಂದ ಬಂದು ಪಕ್ಕದಲ್ಲೇ ಕುಳಿತಿದ್ದರು. ಧಾರೆ ಬಂತು. ಅಜ್ಜಿ ಮದುಮಗಳನ್ನು ಕಣ್ತುಂಬ ನೋಡಿದರು, ಆಮೇಲೆ ಮದುಮಗನನ್ನು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದರು.

"ಅಯ್ಯ ಶೋಭೀ, ನಿನ್ನ ಗಂಡಂಗೆ ಇಷ್ಟೆಲ್ಲ ಬಿಳೀ ಕೂದ್ಲ ಅದ್ಯನೇ?"

ಗುಲಾಬಿ ಎಸಳಿಗೂ ಒಂದು ಉಪಯೋಗವಿತ್ತೆಂದು ನನಗೆ ತಿಳಿದದ್ದು ಆಗ.